ಮೈವೋರ್ ಹುಡುಕಿದ ಕೊನೆಯ ಮಾತು

ಬಡಗಣ ಸ್ವೀಡನ್ನಿನ ಉಮೆಯೊ ಊರಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೈವೋರ್ ಸುಂಡೆಲಿನ್ ಸಲಿಕೆ ಹಿಡಿದು ಅಂಗಳದಲ್ಲಿ ಜಗಳಕ್ಕೆ ನಿಂತಿದ್ದಾರೆ. ಎದುರಿಗೆ ಮಾತ್ರ ಯಾರೂ ಇಲ್ಲ. ಒಂದು ಸಲಿಕೆ ಹಿಮ ಎತ್ತಿ ಆಚೆ ಎಸೆದು "ಆಯ್ತು ಬಿಡು" ಅನ್ನುತ್ತಾರೆ, ತಲೆ ಅಲ್ಲಾಡಿಸುತ್ತಾರೆ. ಇನ್ನೊಂದು ಸಲಿಕೆ, "ನಿನ್ನಿಷ್ಟ." ಊಹೂಂ. ಮತ್ತೊಂದು, "ಸರಿ, ಸರಿ." ಅದಕ್ಕೂ ಮುಖ ಸಿಂಡರಿಸುತ್ತಾರೆ. ಮೇಲಿನ ಮಹಡಿಯ ಕಿಟಕಿ ತೆರೆದು ನೆರೆಮನೆಯ ರಾಗ್ನರ್ ತಲೆ ಹೊರಗೆ ಹಾಕುತ್ತಾರೆ.

"ಬೆಳ್ ಬೆಳಿಗ್ಗೆ ಯಾರಿಗೆ ಪೂಜೆ ನಡೀತಿದೆ, ಮೈವೋರ್?"

"ಒಂದು ಶಬ್ದಕ್ಕೆ. ನೀನು ಕಿಟಕಿ ಮುಚ್ಕೋ, ಕೆಮ್ಮು ಜಾಸ್ತಿ ಆಗುತ್ತೆ."

ಮೈವೋರ್ ಇಂಗ್ಲಿಷ್ ನಾಟಕಗಳನ್ನು ಸ್ವೀಡಿಷ್ ಭಾಷೆಗೆ ತರುವವರು. ಮೂವತ್ತು ವರ್ಷಗಳಿಂದ ಇದೇ ಕೆಲಸ. ನಾಟಕದ ಭಿತ್ತಿಪತ್ರದಲ್ಲಿ ಬರೆದವರು, ಆಡಿಸುವವರು, ಆಡುವವರು, ದೀಪ ಹಾಕುವವರು ಎಲ್ಲರೂ ಇರುತ್ತಾರೆ. ಇವರ ಹೆಸರು ಹುಡುಕಲು ಕನ್ನಡಕ ಬೇಕು. ಕನ್ನಡಕ ಹಾಕಿಕೊಂಡರೂ ರಂಗಕ್ಕೆ ಸೋಫಾ ಕೊಟ್ಟ ಅಂಗಡಿಯ ಹೆಸರೇ ಮೊದಲು ಕಣ್ಣಿಗೆ ಬೀಳುತ್ತದೆ. ನೋಡಿದವರಿಗೆ ಮೈ ಉರಿಯಬೇಕು. ಮೈವೋರ್‌ಗೆ ಮಾತ್ರ ನಗು ಬರುತ್ತದೆ. "ಸೋಫಾ ಇಲ್ದಿದ್ರೆ ಕೂತ್ಕೊಳ್ಳೋದೆಲ್ಲಿ?" ಎನ್ನುತ್ತಾರೆ. ನಾಟಕ ಹೊಟ್ಟೆ ತುಂಬಿಸದ ಕಾರಣ ನಡುನಡುವೆ ಬಟ್ಟೆ ಒಗೆಯುವ ಯಂತ್ರ ಬಳಸುವ ಬಗೆಯನ್ನೂ ಸ್ವೀಡಿಷ್‌ಗೆ ತರುತ್ತಾರೆ.

ಅವರು ಹುಟ್ಟಿದ್ದು ಹತ್ತಿರದ ಬಂದರಿನಲ್ಲಿ. ಅಪ್ಪ ಇಂಗ್ಲಿಷ್ ಹಡಗುಗಳಿಗೆ ಮರದ ಹಲಗೆ ತುಂಬುತ್ತಿದ್ದರು. ಬುತ್ತಿ ಒಯ್ಯುತ್ತಿದ್ದ ಪುಟ್ಟ ಹುಡುಗಿಯೇ ಅಪ್ಪನಿಗೂ ನಾವಿಕರಿಗೂ ನಡುವಿನ ನಾಲಿಗೆ. "ಅವರು ಬೈದಿದ್ದರಲ್ಲಿ ಅರ್ಧ ಮಾತ್ರ ಅಪ್ಪಂಗೆ ಹೇಳ್ತಿದ್ದೆ. ಪೂರ್ತಿ ಹೇಳಿದ್ದಿದ್ರೆ ಇಬ್ರಲ್ಲಿ ಒಬ್ರು ಸಮುದ್ರಕ್ಕೆ ಬೀಳ್ತಿದ್ರು" ಎಂದು ನೆನೆಯುತ್ತಾರೆ. ಬಾಯಲ್ಲಿ ಆಡಲಾಗದ ಮಾತು ಕಾಗದದ ಮೇಲೆ ಎಷ್ಟು ಚೆಂದವಿದ್ದರೂ ದಂಡ ಎಂಬುದು ಅವರಿಗೆ ಅಲ್ಲೇ ಅರ್ಥವಾಯಿತು. ಅದಕ್ಕೇ ಅವರು ಕೂತು ಅನುವಾದಿಸುವುದಿಲ್ಲ. ಹಿಮ ತೋಡುತ್ತಾ, ಹಿಟ್ಟು ನಾದುತ್ತಾ, ಏದುಸಿರು ಬಿಡುತ್ತಾ ಪ್ರತಿ ಮಾತನ್ನೂ ಜೋರಾಗಿ ಆಡಿ ನೋಡುತ್ತಾರೆ.

ಈಗ ಗಂಟಲಲ್ಲಿ ಸಿಕ್ಕಿಕೊಂಡಿರುವುದು 'ಫೈನ್' ಎಂಬ ಶಬ್ದ. ಹೇಗಿದ್ದೀಯ ಅಂದರೆ ನಾವೂ ಫೈನ್ ಅನ್ನುತ್ತೇವೆ, ಪೊಲೀಸರು ಹಾಕುವುದೂ ಫೈನೇ. ಈಗ ಅನುವಾದಿಸುತ್ತಿರುವ ನಾಟಕದ ತಾಯಿ ಮೀನುಗಾರರ ಕೇರಿಯವಳು. ಹವೆಗೂ ಫೈನ್, ನೂಲಿಗೂ ಫೈನ್, ಗಂಡನ ಮೇಲಿನ ಸಿಟ್ಟಿಗೂ ಫೈನ್ ಎನ್ನುತ್ತಲೇ ಬದುಕಿದವಳು. ಉಳಿದೆಡೆ ಮೈವೋರ್ ಒಂದೊಂದಕ್ಕೆ ಒಂದೊಂದು ಮಾತು ಹೊಂದಿಸಿದ್ದಾರೆ. ತೊಡಕು ಇರುವುದು ಕೊನೆಯ ದೃಶ್ಯದಲ್ಲಿ. ಮುನಿಸಿಕೊಂಡು ಹೋಗಿದ್ದ ಮಗಳು ವರ್ಷಗಳ ಮೇಲೆ ಬಂದು ಬಾಗಿಲಲ್ಲಿ ನಿಂತು ಕೇಳುತ್ತಾಳೆ: "ಅಮ್ಮಾ, ಇವತ್ತು ಇಲ್ಲೇ ಉಳೀಲಾ?" ತಾಯಿ ಒಂದೇ ಮಾತು ಹೇಳುತ್ತಾಳೆ, ಪರದೆ ಬೀಳುತ್ತದೆ. ಆ ಫೈನ್‌ನಲ್ಲಿ ಒಪ್ಪಿಗೆ ಇದೆ, ಆರದ ಕೋಪ ಇದೆ, ದಣಿವಿದೆ, ಹೇಳಲಾಗದ ಪ್ರೀತಿ ಇದೆ. 'ಸರಿ' ಎಂದರೆ ಕೋಪ ಹಾರಿಹೋಗುತ್ತದೆ, 'ನಿನ್ನಿಷ್ಟ' ಎಂದರೆ ಪ್ರೀತಿಯೇ ಇಲ್ಲವಾಗುತ್ತದೆ.

ಮೊದಲ ಪ್ರದರ್ಶನ ಇವತ್ತೇ ಸಂಜೆ. ನಿರ್ದೇಶಕ ಯೋನಾಸ್, ತೆಂಕಣ ಸ್ವೀಡನ್ನಿನ ತರುಣ, ಬೆಳಗಿನ ತಾಲೀಮಿನಲ್ಲಿ ಕಡ್ಡಿ ಮುರಿದಂತೆ ಹೇಳುತ್ತಾನೆ: "ಮಧ್ಯಾಹ್ನದೊಳಗೆ ಸಿಗದಿದ್ರೆ ಫೈನ್ ಅಂತಲೇ ಇರ್ಲಿ. ಎಲ್ರಿಗೂ ಇಂಗ್ಲಿಷ್ ಬರುತ್ತಲ್ಲ."

ಮೈವೋರ್ ಮುಖ ಕೆಂಪಾಗುತ್ತದೆ. "ಬರುತ್ತೆ ಕಣಯ್ಯ. ಆದ್ರೆ ಇಲ್ಲಿ ಯಾವ ತಾಯಿನೂ ಮಗಳನ್ನ ಇಂಗ್ಲಿಷಲ್ಲಿ ಒಳಗೆ ಕರೆಯೋದಿಲ್ಲ." ಮೂವತ್ತು ವರ್ಷದಲ್ಲಿ ಒಂದೇ ಒಂದು ಮಾತನ್ನೂ ಅವರು ಹೊಸ್ತಿಲಾಚೆ ಬಿಟ್ಟು ಬಂದಿಲ್ಲ. ಇದನ್ನು ಬಿಟ್ಟರೆ ನಾಟಕವನ್ನೇ ಬಿಟ್ಟಂತೆ ಎಂಬುದು ಅವರ ಲೆಕ್ಕ.

ಕಾಫಿಯ ಹೊತ್ತು. ತಾಯಿಯ ಪಾತ್ರದ ಆಸ್ಟಾ ಲಿಂಡ್ಮಾರ್ಕ್, ಎಂಬತ್ತರ ಹತ್ತಿರದ ಅಜ್ಜಿ, ನಿರ್ದೇಶಕನ ಮೇಲೆ ಮುನಿದು ಗೋಡೆ ನೋಡುತ್ತಾ ಕೂತಿದ್ದಾರೆ. ಬೆಳಿಗ್ಗೆ ಅವರ ನಡಿಗೆ ನಿಧಾನವೆಂದು ಅವನು ಎಲ್ಲರೆದುರು ಅಂದಿದ್ದ. ಈಗ ರಾಜಿಗೆ ಬಂದಿದ್ದಾನೆ. "ಆಸ್ಟಾ, ಇನ್ನೊಂದು ದಾಲ್ಚಿನ್ನಿ ಬನ್ ಕೊಡ್ಲಾ?"

ಆಸ್ಟಾ ಅವನತ್ತ ತಿರುಗುವುದಿಲ್ಲ. ತುಟಿ ಚೂಪು ಮಾಡಿ ಸುಯ್ಯೆಂದು ಗಾಳಿಯನ್ನು ಒಳಗೆಳೆದುಕೊಳ್ಳುತ್ತಾರೆ. ಅಷ್ಟೇ.

ಮೈವೋರ್ ಕುರ್ಚಿಯಿಂದ ಎದ್ದ ರಭಸಕ್ಕೆ ಕಾಫಿ ಚೆಲ್ಲುತ್ತದೆ. "ಆಸ್ಟಾ! ಇನ್ನೊಂದ್ಸಲ ಮಾಡು!"

"ಏನ್ ಮಾಡ್ಲಿ? ನಾನೇನೂ ಹೇಳ್ಲೇ ಇಲ್ವಲ್ಲ."

"ಹೇಳ್ದೆ! ಬನ್ ಬೇಕು ಅಂದೆ, ಇವನ ಮೇಲೆ ಸಿಟ್ಟು ಹೋಗಿಲ್ಲ ಅಂದೆ, ಹಾಳಾಗ್ಲಿ ಕೊಡು ಅಂದೆ. ಎಲ್ಲಾ ಒಂದೇ ಉಸಿರಲ್ಲಿ! ನಾಟಕದ ಕೊನೇ ಮಾತು ಇದೇ!"

ಬಡಗಣದ ಈ ಸೀಮೆಯಲ್ಲಿ 'ಹೂಂ' ಅನ್ನುವುದೇ ಹಾಗೆ, ಉಸಿರನ್ನು ಒಳಗೆಳೆದು. ತೊಟ್ಟಿಲಲ್ಲೇ ಕಲಿತ ಅಭ್ಯಾಸ, ಯಾರ ಗಮನಕ್ಕೂ ಬರುವುದಿಲ್ಲ. ಯೋನಾಸ್ ಮಾತ್ರ ತಾಲೀಮಿನ ಮೊದಲ ದಿನ ಆಸ್ಟಾಗೆ ಉಬ್ಬಸವೆಂದು ಹೆದರಿ ನೀರಿಗೆ ಓಡಿದ್ದ. ಈಗಲೂ ಅವನ ಮುಖದಲ್ಲಿ ಗಾಬರಿಯೇ. "ಪರದೆ ಬೀಳೋ ಮಾತು ಅದು! ಜನ ಆಸ್ಟಾಗೆ ಮಾತು ಮರೆತುಹೋಯ್ತು ಅಂದ್ಕೋತಾರೆ!"

"ಮರೆಯೋಕೆ ಅಲ್ಲಿ ಮಾತಾದ್ರೂ ಎಲ್ಲಿದೆ ಮರೀ?" ಎಂದು ಬನ್ ಕಚ್ಚುತ್ತಾರೆ ಆಸ್ಟಾ.

ಸಂಜೆ ರಂಗಮಂದಿರ ತುಂಬಿದೆ. ಮೈವೋರ್ ಹಿಂದೆ, ಕೋಟುಗಳು ನೇತಾಡುವ ಮೂಲೆಯಲ್ಲಿ ನಿಂತಿದ್ದಾರೆ. ಬೆಳಿಗ್ಗೆ ಅಷ್ಟು ಎಗರಾಡಿದವರಿಗೆ ಈಗ ಅನುಮಾನ. ಜನ ನಕ್ಕುಬಿಟ್ಟರೆ? ಪಕ್ಕದಲ್ಲಿ ಯೋನಾಸ್ ಉಗುರು ಕಚ್ಚುತ್ತಿದ್ದಾನೆ.

ರಂಗದ ಮೇಲೆ ಮಗಳು ಬಾಗಿಲಲ್ಲಿ ನಿಂತು ಕೇಳುತ್ತಾಳೆ. ಆಸ್ಟಾ ಅವಳತ್ತ ನೋಡುವುದಿಲ್ಲ. ಒಲೆಯತ್ತ ತಿರುಗುತ್ತಾರೆ, ಉಸಿರನ್ನು ಒಳಗೆಳೆದುಕೊಳ್ಳುತ್ತಾರೆ.

ಯಾರೂ ನಗುವುದಿಲ್ಲ, ಯಾರೂ ಕೆಮ್ಮುವುದಿಲ್ಲ. ಕತ್ತಲಲ್ಲಿ ಮೂರನೆಯ ಸಾಲಿನ ಮುದುಕನೊಬ್ಬ, ತನಗೇ ಅರಿವಿಲ್ಲದೆ, ಹಾಗೆಯೇ ಸುಯ್ಯೆಂದು ಉಸಿರೆಳೆಯುತ್ತಾನೆ. ಅವನ ಹಿಂದೆ ಒಬ್ಬ ಹೆಂಗಸು. ಆಮೇಲೆ ಬಲಗಡೆಯಿಂದ ಇನ್ಯಾರೋ.

ಮೈವೋರ್ ಯೋನಾಸನ ತೋಳು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಕಣ್ಣು ತುಂಬಿದೆ, ಬಾಯಿ ತುಂಬ ನಗು.

"ಕೇಳಿಸ್ತೇನೋ? ಅವರು ನಾಟಕ ನೋಡ್ತಾ ಇಲ್ಲ. ಆ ಮಗಳಿಗೆ ಉತ್ತರ ಕೊಡ್ತಾ ಇದ್ದಾರೆ."