ಪಿಲ್ಲಗುಂಪೆಯ ಟೆಲಿಫೋನ್ ಬೋರ್ಡು

೧೯೯೩ರಲ್ಲಿ ನಾನು ಟೆಲಿಫೋನ್ ಎಕ್ಸ್‌ಚೇಂಜ್ ತಯಾರಿಸುವ ಒಂದು ಖಾಸಗಿ ಕಂಪನಿಯಲ್ಲಿ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ ಮೂರೂ ನನ್ನ ತಲೆಗೆ ಕಟ್ಟಿದ್ದರು. ಒಂದು ಹಳೆಯ ಸ್ಕೂಟರು, ಹಿಂದೆ ಟೂಲ್ ಬಾಕ್ಸು, ಸಂಜೆಗೆ ಮೈತುಂಬ ಧೂಳು. ಕಾರ್ಖಾನೆಗಳ ಹಳೆಯ ಬೋರ್ಡು ಕಿತ್ತು ಹೊಸ ಇಪಿಎಬಿಎಕ್ಸ್ ಕೂರಿಸುವುದು ಕೆಲಸ. ಹೆಸರು ಕೇಳಿ ಹೆದರಬೇಕಾಗಿಲ್ಲ. ಹೊರಗಿನಿಂದ ಬರುವ ನಾಲ್ಕಾರು ಲೈನುಗಳನ್ನು ಒಳಗಿನ ಹತ್ತಾರು ಮೇಜುಗಳಿಗೆ ಹಂಚುವ ಪೆಟ್ಟಿಗೆ, ಅಷ್ಟೇ. ಅದರ ಕನ್ಸೋಲ್, ಅಂದರೆ ಗುಂಡಿಗಳ ಫಲಕ, ಆಪರೇಟರ್ ಮುಂದಿರುತ್ತದೆ. ಕರೆ ಬಂದ ಲೈನಿನ ಕೆಂಪು ದೀಪ ಮಿನುಗುತ್ತದೆ, ಆ ದೀಪದ ಕೆಳಗಿನ ಗುಂಡಿ ಒತ್ತಿ ಮಾತಾಡಬೇಕು.

ಆ ವರ್ಷದ ಜುಲೈನಲ್ಲಿ ಹೊಸಕೋಟೆ ಹತ್ತಿರದ ಪಿಲ್ಲಗುಂಪೆಯ ಒಂದು ಕಾರ್ಖಾನೆಗೆ ಹೋದೆ. ಹೆಸರು ಬೇಡ, ಈಗ ಅದು ಇಲ್ಲ. ಅಲ್ಲಿನ ಆಪರೇಟರ್ ನಾಗವೇಣಿ, ಮೂವತ್ತರ ಆಸುಪಾಸಿನ ಹೆಂಗಸು, ಹುಟ್ಟಿನಿಂದ ಕಣ್ಣು ಕಾಣದು. ದೊಡ್ಡಬಳ್ಳಾಪುರದ ನೇಕಾರರ ಮನೆಯ ಮಗಳು. ಹೊಸಕೋಟೆಯಲ್ಲಿ ಅಕ್ಕನ ಮನೆಯಲ್ಲಿದ್ದುಕೊಂಡು ಕಂಪನಿ ಬಸ್ಸಿನಲ್ಲಿ ಬರುತ್ತಿದ್ದರು. ಹಳೆಯ ಬೋರ್ಡಿನಲ್ಲಿ ಕರೆ ಬಂದರೆ ತಗಡಿನ ಪುಟ್ಟ ಮುಚ್ಚಳವೊಂದು ಟಪ್ಪಂತ ಕೆಳಗೆ ಬೀಳುತ್ತಿತ್ತು. ಬೆರಳಾಡಿಸಿದರೆ ಯಾವುದು ಬಿದ್ದಿದೆ ಅಂತ ತಿಳಿಯುತ್ತಿತ್ತು. ಅದರಲ್ಲೇ ಅವರು ವರ್ಷಗಟ್ಟಲೆ ಕೆಲಸ ಮಾಡಿದ್ದರು, ಯಾರದೂ ತಕರಾರಿರಲಿಲ್ಲ.

ನಾನು ತಂದಿದ್ದು ಗಾಜಿನಂತೆ ನುಣುಪಾದ ಫಲಕ. ಗುಂಡಿಗಳೂ ಅದೇ ಪ್ಲಾಸ್ಟಿಕ್ ಹಾಳೆಯ ಕೆಳಗೆ ಹುದುಗಿದ್ದವು. ಅಂಚಿಲ್ಲ, ಉಬ್ಬಿಲ್ಲ. ನಾಗವೇಣಿ ಒಮ್ಮೆ ಪೂರ್ತಿ ಕೈಯಾಡಿಸಿ, "ಸಾರ್, ಇದ್ರಲ್ಲಿ ಏನೂ ಇಲ್ವಲ್ಲ?" ಅಂದರು.

ಪರ್ಸೊನೆಲ್ ಮ್ಯಾನೇಜರ್ ಪಕ್ಕದಲ್ಲೇ ನಿಂತಿದ್ದರು. ಕೆಟ್ಟ ಮನುಷ್ಯನಲ್ಲ, ಅವಸರದ ಮನುಷ್ಯ. ನನ್ನನ್ನು ಹೊರಗೆ ಕರೆದು, "ನೋಡಿ, ಈ ಮೆಷಿನ್ನಿಗೆ ಕಣ್ಣಿರೋರು ಬೇಕು. ಅಕೌಂಟ್ಸಲ್ಲಿ ಒಂದು ಹುಡುಗಿ ಇದಾಳೆ, ಅವಳನ್ನ ಕೂರಿಸ್ತೀನಿ" ಅಂದರು. ಅಂಗವಿಕಲರ ಹಕ್ಕಿನ ಕಾಯ್ದೆ ಆಗ ಇನ್ನೂ ಬಂದಿರಲಿಲ್ಲ. ಕೇಳುವುದಕ್ಕೆ ನನ್ನ ಬಾಯೊಂದೇ ಇದ್ದದ್ದು. ನನಗೋ ಮೂಗಿನ ತುದಿಯಲ್ಲೇ ಕೋಪ. "ಸಾರ್, ಮೆಷಿನ್ನು ನಾವು ಮಾಡಿದ್ದು. ಸರಿಯಿಲ್ಲ ಅಂದ್ರೆ ಮೆಷಿನ್ನು ಸರಿಯಿಲ್ಲ. ಅವರನ್ಯಾಕೆ ಎಬ್ಬಿಸ್ತೀರಿ?" ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆಯ್ತಪ್ಪಾ, ದಸರಾ ಮುಗಿಯೋವರ್ಗೂ ನೋಡ್ತೀನಿ. ಆಮೇಲೆ ನನ್ನ ಕೇಳ್ಬೇಡಿ" ಅಂದರು.

ದೀಪ ಹತ್ತಿದಾಗ ಕೂಗುವಂಥ ಒಂದು ಡಬ್ಬ ಮಾಡಿದೆ. ಪ್ರತಿ ಲೈನಿಗೂ ಬೇರೆ ಸ್ವರ, ಒಳಗಿನ ಕರೆಗೆ ಗೊಗ್ಗರು ದನಿ. ನಾಗವೇಣಿ ಅದನ್ನು ಕೇಳಿ, "ಇದು ನಮ್ ಭಾವ ಗೊರಕೆ ಹೊಡ್ದಂಗೇ ಐತೆ ಸಾರ್, ಮರೆಯೋ ಮಾತೇ ಇಲ್ಲ" ಅಂತ ನಕ್ಕರು. ಇನ್ನು ಗುಂಡಿಗಳು. ಫಲಕ ಕೊರೆದು ಉಬ್ಬು ಗುರುತು ಕೂರಿಸೋಣ ಅಂತ ಹೆಡ್ ಆಫೀಸಿಗೆ ಬರೆದೆ. ಕೊರೆಯಕೂಡದು, ಗ್ಯಾರಂಟಿ ಹೋಗುತ್ತದೆ ಅಂತ ಉತ್ತರ ಬಂತು. ಸರಿ, ಗಟ್ಟಿ ಅಂಟಿನ ಹನಿ ಇಟ್ಟೆ. ಕರೆ ಹಿಡಿದಿಡುವ ಗುಂಡಿಗೆ ಒಂದು ಚುಕ್ಕಿ, ಕಡಿಯುವ ಗುಂಡಿಗೆ ಎರಡು, ಬೇರೆ ಮೇಜಿಗೆ ದಾಟಿಸುವ ಗುಂಡಿಗೆ ಒಂದು ಗೆರೆ. ಲೈನುಗಳಿಗೂ ಒಂದೊಂದು ಗುರುತು. ಹಳದಿಗಟ್ಟಿದ ಹನಿಗಳು, ನೋಡಲು ಚೆನ್ನಾಗಿರಲಿಲ್ಲ. ನೋಡುವವರಿಗಾಗಿ ಮಾಡಿದ್ದಲ್ಲವಲ್ಲ.

ವಾರದೊಳಗೆ ನಾಗವೇಣಿಯ ಕೈ ಕೂತಿತು. ಆಗಸ್ಟ್, ಸೆಪ್ಟೆಂಬರ್ ಪೂರ್ತಿ ಒಂದು ದೂರೂ ಬರಲಿಲ್ಲ. ನಾನು ಆ ಕಡೆ ಹೋದಾಗಲೆಲ್ಲ ಅಟೆಂಡರ್ ಪಿಳ್ಳಪ್ಪ ಟೀ ತಂದುಕೊಡುತ್ತಿದ್ದ. ರಿಟೈರಾಗಲು ಬಂದಿದ್ದವನು. ನಾಗವೇಣಿಯನ್ನು ಬಸ್ಸಿನಿಂದ ಇಳಿಸಿ ಸೀಟಿಗೆ ಮುಟ್ಟಿಸುವುದು, ಊಟದ ಡಬ್ಬಿ ಬಿಚ್ಚಿಡುವುದು, ಎಲ್ಲ ಅವನೇ. "ನಮ್ ನಾಗವೇಣಮ್ಮ ಗೆದ್ಬಿಟ್ರು ಬಿಡಿ ಸಾರ್" ಅನ್ನುತ್ತಿದ್ದ. ನಾನೂ ಹಾಗೇ ಅಂದುಕೊಂಡೆ.

ಅಕ್ಟೋಬರಿನಲ್ಲಿ ಆಯುಧಪೂಜೆ. ನಮ್ಮ ಕಡೆಯ ಕಾರ್ಖಾನೆಗಳಲ್ಲಿ ಅದು ಹೇಗೆ ನಡೆಯುತ್ತದೆ ಅಂತ ಗೊತ್ತಲ್ಲ. ಹಿಂದಿನ ದಿನವೇ ಮೆಷಿನ್ನುಗಳನ್ನೆಲ್ಲ ಒರೆಸಿ, ಗ್ರೀಸು ತೆಗೆದು, ಬಾಗಿಲಿಗೆ ಬಾಳೆಕಂದು ಕಟ್ಟಿ, ಲೇತಿನಿಂದ ಹಿಡಿದು ಟೈಪ್‌ರೈಟರ್ ತನಕ ಎಲ್ಲಕ್ಕೂ ಅರಿಶಿನ ಕುಂಕುಮ ಇಡುತ್ತಾರೆ. ಬೂದುಗುಂಬಳ ಒಡೆದು ಕಡ್ಲೆಪುರಿ ಹಂಚುತ್ತಾರೆ. ಆಮೇಲೆ ರಜೆ.

ರಜೆ ಕಳೆದ ಮೊದಲ ದಿನ ಬೆಳಗ್ಗೆ ಹತ್ತಕ್ಕೆ ನನ್ನ ಆಫೀಸಿಗೆ ಫೋನು ಬಂತು. ನಾನು ಪಿಲ್ಲಗುಂಪೆ ಮುಟ್ಟುವಷ್ಟರಲ್ಲಿ ಹನ್ನೊಂದೂವರೆ. ನಾಗವೇಣಿಯವರ ಕುರ್ಚಿಯಲ್ಲಿ ಅಕೌಂಟ್ಸ್ ಹುಡುಗಿ ಕೂತಿದ್ದಳು. ನಾಗವೇಣಿ ಗೋಡೆಗೆ ಒರಗಿ ನಿಂತಿದ್ದರು, ಎರಡೂ ಅಂಗೈ ಸೀರೆಗೆ ಉಜ್ಜಿಕೊಳ್ಳುತ್ತ. ಕನ್ಸೋಲ್ ಹೊಸದರಂತೆ ಹೊಳೆಯುತ್ತಿತ್ತು. ನೆತ್ತಿಯ ಮೇಲೆ ಕುಂಕುಮ, ಒಂದು ಒಣಗಿದ ಸೇವಂತಿಗೆ. ಅಂಟಿನ ಒಂದು ಹನಿಯೂ ಇರಲಿಲ್ಲ.

"ಯಾರ್ರೀ ಇದನ್ನ ಮುಟ್ಟಿದ್ದು?" ಅಂತ ಕೂಗಿದೆ.

ಪಿಳ್ಳಪ್ಪ ಮುಂದೆ ಬಂದ. "ನಾನೇ ಸಾರ್. ನಾಗವೇಣಮ್ಮನ ಮೆಷಿನ್ನು ಎಲ್ರುದ್ಕಿಂತ ಫಳಫಳ ಅನ್ಬೇಕು ಅಂತ ಥಿನ್ನರ್ ಹಾಕಿ ಬ್ಲೇಡಲ್ಲಿ ಕೆರ್ದೆ. ಅಮ್ಮಾರು ಡಬ್ಬದ ಸದ್ದು ಕೇಳೇ ಒತ್ತಾರೆ, ಇದು ಯಾರೋ ಚೆಲ್ಲಿರೋ ಅಂಟು ಅನ್ಕಂಡೆ ಸಾರ್. ನನ್ ಕೈ ಸೇದೋಗ."

ನಡೆದದ್ದು ಇಷ್ಟು. ಬೆಳಗ್ಗೆ ಕರೆಗಳ ಮೇಲೆ ಕರೆ. ಡಬ್ಬ ಕೂಗಿತು, ಕೈ ಇಟ್ಟರೆ ಫಲಕ ಬರೀ ನುಣುಪು. ನಾಗವೇಣಿ ಅಂದಾಜಿನಲ್ಲಿ ಒತ್ತಿದ್ದಾರೆ. ಬೆಂಗಳೂರಿನಿಂದ ಡೈರೆಕ್ಟರ್ ಮಾಡಿದ ಕರೆ ಎರಡು ಸಲ ಕಡಿದುಹೋಗಿದೆ.

ಮ್ಯಾನೇಜರ್ ಕೋಣೆಗೆ ಹೋಗಿ ಎಲ್ಲ ವಿವರಿಸಿದೆ. ತಪ್ಪು ಆಕೆಯದಲ್ಲ, ನಾಳೆಯೇ ಮತ್ತೆ ಚುಕ್ಕಿ ಇಡುತ್ತೇನೆ ಅಂದೆ. ಅವರು ಸಿಟ್ಟಾಗಲಿಲ್ಲ. "ಇವತ್ತು ಇದು, ನಾಳೆ ಇನ್ನೊಂದು. ದಸರಾವರೆಗೆ ಅಂದಿದ್ದೆ, ದಸರಾ ಆಯ್ತು. ಆಕೆ ಸಂಬಳಕ್ಕೆ ಕೈ ಹಾಕಲ್ಲ. ಟೈಮ್ ಆಫೀಸ್ ಹತ್ರ ಒಂದು ಕುರ್ಚಿ ಹಾಕಿಸ್ತೀನಿ, ಸುಮ್ನೆ ಕೂತಿರ್ಲಿ, ಪಾಪ" ಅಂದರು.

ನನಗೆ ಕೋಪ ಬರಬೇಕಿತ್ತು, ಬರಲಿಲ್ಲ. ಮನಸ್ಸಿಗೆ ಜೋಮು ಹಿಡಿದಿತ್ತು. ಬೈಯುವುದಾದರೂ ಯಾರನ್ನ? ಪಿಳ್ಳಪ್ಪ ಪೂಜೆ ಮಾಡಿದ್ದ. ಮ್ಯಾನೇಜರ್ ಆಕೆಯ ಸಂಬಳ ಉಳಿಸಿದ್ದರು. ನನ್ನ ಕಂಪನಿ ಗ್ಯಾರಂಟಿ ಕಾಪಾಡಿಕೊಂಡಿತ್ತು. ಎಲ್ಲರೂ ಒಳ್ಳೆಯವರೇ, ಕೆಲಸ ಮಾತ್ರ ಹೋಗಿತ್ತು.

ಆದರೂ ಬಿಡಲಿಲ್ಲ. ಹೆಡ್ ಆಫೀಸಿನ ಮೇಲಿನವರ ಜೊತೆ ಜಗಳವಾಡಿ ಒಪ್ಪಿಸಿ, ಉಬ್ಬು ಗುರುತುಗಳನ್ನು ಒಂದು ಹೊಸ ಫಲಕದಲ್ಲೇ ಕೊರೆದು ಕೂರಿಸಿಕೊಂಡು ನವೆಂಬರಿನಲ್ಲಿ ಮತ್ತೆ ಹೋದೆ. ನಾಗವೇಣಿ ಹಾಜರಿ ಹಾಕುವ ಟೈಮ್ ಆಫೀಸಿನ ಪಕ್ಕ ಕೂತಿದ್ದರು. ಹೋಗಿ ಬರುವವರ ಚಪ್ಪಲಿ ಸದ್ದಿಗೆಲ್ಲ ಮುಖ ತಿರುಗಿಸುತ್ತಿದ್ದರು. ಫಲಕವನ್ನು ಅವರ ತೊಡೆಯ ಮೇಲಿಟ್ಟೆ. ಮೆಲ್ಲಗೆ ಬೆರಳಾಡಿಸಿದರು.

"ಇದು ಸರಿಯಾಗೈತೆ ಸಾರ್. ಇದನ್ನ ಯಾರೂ ಕೆರೆಯೋಕಾಗಲ್ಲ."

ಒಳಗೆ ಹೋಗಿ ಕೇಳಿದೆ. ಅಕೌಂಟ್ಸ್ ಹುಡುಗಿಗೆ ಆಪರೇಟರ್ ಅಂತ ಆರ್ಡರ್ ಆಗಿಹೋಗಿತ್ತು. ಹೊರಗೆ ಬಂದು ನಿಂತಾಗ ನಾನು ಬಾಯಿ ಬಿಡುವ ಮೊದಲೇ ಅವರಿಗೆ ತಿಳಿದಿತ್ತು. "ಕೂತು ಉಣ್ಣೋಕೆ ನಮ್ ಮನೇಲೂ ಜಾಗ ಇತ್ತು ಸಾರ್. ನಾನು ಕೆಲ್ಸಕ್ಕೆ ಅಂತ ಬಂದಿದ್ದೆ" ಅಂದರು. ಅಳಲಿಲ್ಲ. ಅತ್ತಿದ್ದರೆ ಸಮಾಧಾನವಾದರೂ ಹೇಳಬಹುದಿತ್ತು. ಯುಗಾದಿಗೆ ಮುಂಚೆ ಅವರೇ ಕೆಲಸ ಬಿಟ್ಟು ದೊಡ್ಡಬಳ್ಳಾಪುರಕ್ಕೆ ಹೋದರು ಅಂತ ಪಿಳ್ಳಪ್ಪ ಹೇಳಿದ.

ಆಮೇಲೆ ನಾನು ಫಲಕಗಳ ವಿನ್ಯಾಸಕ್ಕೆ, ಅಲ್ಲಿಂದ ಕಂಪ್ಯೂಟರ್ ಪರದೆಗಳ ಕೆಲಸಕ್ಕೆ ಹೋದೆ. "ಮೊದ್ಲು ಪ್ರಾಡಕ್ಟ್ ಮುಗೀಲಿ ಗುರು, ಅಂಗವಿಕಲರಿಗೆ ಬೇಕಾದ್ದನ್ನ ಕೊನೇಲಿ ಸೇರ್ಸೋಣ" ಅಂತ ಹುಡುಗರು ಅಂದಾಗಲೆಲ್ಲ ನಾನು ಸಿಡುಕುತ್ತಿದ್ದೆ. ಮುದುಕನಿಗೆ ತಲೆಕೆಟ್ಟಿದೆ ಅಂತ ಅವರು ಗೊಣಗುತ್ತಿದ್ದರು. ಕೊನೆಯಲ್ಲಿ ಮೆತ್ತಿದ್ದು ಎಂದಿಗೂ ಯಂತ್ರದ್ದಾಗುವುದಿಲ್ಲ. ಅದರ ಅಗತ್ಯವಿಲ್ಲದವರ ಕಣ್ಣಿಗೆ ಅದು ಕೊಳೆ. ಒಂದಲ್ಲ ಒಂದು ದಿನ ಯಾರೋ ಬಂದು, ಪ್ರೀತಿಯಿಂದಲೇ, ಅದನ್ನು ಒರೆಸಿ ಹಾಕುತ್ತಾರೆ. ಅದಕ್ಕೇ ಅಚ್ಚು ಹಾಕುವಾಗಲೇ ಹಾಕಬೇಕು. ನಾನು ಕಲಿತದ್ದು ಇಷ್ಟು. ಕಲಿಯುವಷ್ಟರಲ್ಲಿ ನಾಗವೇಣಿಯವರ ಕುರ್ಚಿಯಲ್ಲಿ ಬೇರೆಯವರು ಕೂತಾಗಿತ್ತು.