ಮರಿಯಪ್ಪನವರ ಗಾಳ, ಮರಿಯಪ್ಪನವರ ದಡ

ಮರಿಯಪ್ಪನವರು ಗಾಳದ ದಾರ ಕೊಳ್ಳುವುದನ್ನು ಒಮ್ಮೆಯಾದರೂ ನೋಡಬೇಕಿತ್ತು. ಮಗಳಿಗೆ ಗಂಡು ಹುಡುಕುವವರೂ ಅಷ್ಟು ಹೊತ್ತು ತೆಗೆದುಕೊಳ್ಳುವುದಿಲ್ಲ. ಎರಡು ಸಾವಿರದ ಏಳರ ನವೆಂಬರ್, ಒಂದು ಶನಿವಾರ ಸಂಜೆ. ವಿಜಯನಗರದ ಮಾರ್ಕೆಟ್ ಹಿಂದಿನ ಬೀದಿಯ ಪುಟ್ಟ ಅಂಗಡಿಯೊಂದರ ಮುಂದೆ ಅವರು ನಿಂತಿದ್ದರು. ಪಕ್ಕದಲ್ಲಿ ಮಗಳು ಉಮಾಶ್ರೀ, ನಿಮಿಷಕ್ಕೊಮ್ಮೆ ಕೈಗಡಿಯಾರ ನೋಡಿಕೊಳ್ಳುತ್ತ.

ಅಂಗಡಿಯವನು ನೈಲಾನ್ ದಾರದ ಉರುಳೆಯೊಂದನ್ನು ಮುಂದಿಟ್ಟು, "ತಗೊಳ್ಳಿ ಸಾರ್, ಹದಿನಾರು ಥೌ. ಕೊರವ ಮೀನಿಗೆ ಹೇಳಿ ಮಾಡಿಸಿದ್ದು" ಎಂದ. ಒಂದು ಇಂಚನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗೆ ಲೇತ್ ಕೆಲಸದವರು ಥೌ ಅನ್ನುತ್ತಾರೆ. ಮರಿಯಪ್ಪನವರು ಒಂದು ಮೊಳ ದಾರ ಎಳೆದು ಬೆರಳುಗಳ ನಡುವೆ ಒಮ್ಮೆ, ಕೆಳತುಟಿಯ ಮೇಲೆ ಒಮ್ಮೆ ಮೆಲ್ಲಗೆ ಹಾಯಿಸಿದರು.

"ಇದು ಹದಿನಾರಲ್ಲ ಕಣಪ್ಪ, ಹದಿನಾಲ್ಕು. ಕೊರವ ಜೊಂಡಿನೊಳಗೆ ನುಗ್ಗಿದ್ರೆ ಕಿತ್ಕೊಂಡು ಹೋಗುತ್ತೆ."

"ಡಬ್ಬಿ ಮೇಲೆ ಪ್ರಿಂಟ್ ಆಗಿದೆಯಲ್ಲ ಸಾರ್."

"ನಾನು ಡಬ್ಬೀನ ನೀರಿಗೆ ಹಾಕಲ್ವಲ್ಲ" ಎಂದರು ಮರಿಯಪ್ಪನವರು.

ಆಮೇಲೆ ಇನ್ನೊಂದು ಉರುಳೆ ಬಂತು, ಅದೂ ತುಟಿ ಮುಟ್ಟಿ ಪಾಸಾಯಿತು. ಕೊಕ್ಕೆಗಳ ಸರದಿ ಶುರುವಾಯಿತು. ಒಂದೊಂದರ ಮೊನೆಯನ್ನೂ ಹೆಬ್ಬೆರಳ ಉಗುರಿನ ಮೇಲಿಟ್ಟು ಎಳೆಯುವುದು. ಕಚ್ಚಿ ನಿಂತರೆ ಸರಿ, ಜಾರಿದರೆ ವಾಪಸ್. ಹನ್ನೆರಡರಲ್ಲಿ ಮೂರು ಪಾಸಾದವು. ಉಮಾಶ್ರೀ ಅಪ್ಪನ ಕಣ್ಣು ತಪ್ಪಿಸಿ ಮೊದಲನೆಯ ದಾರದ ಚೂರೊಂದನ್ನು ಪರ್ಸಿಗೆ ಹಾಕಿಕೊಂಡಳು. ಕಣ್ಣು ತಪ್ಪಿಸುವುದು ಈಗ ಕಷ್ಟವೇನೂ ಇರಲಿಲ್ಲ, ಅದೇ ಅವಳ ಸಂಕಟ. ಕುರುಬರಹಳ್ಳಿಯ ಮನೆಗೆ ಬಂದವಳೇ ಬೀರುವಿನಿಂದ ಅಪ್ಪನ ಹಳೇ ಮೈಕ್ರೋಮೀಟರ್ ತೆಗೆದು ಅಳೆದಳು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದೆ ಹದಿನಾಲ್ಕು ಥೌ. ಅವಳು ಬಸವೇಶ್ವರನಗರದ ಕ್ಲಿನಿಕ್ಕೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಅಳತೆ ಎಂದರೇನೆಂದು ಬಲ್ಲವಳು. ಮೈಕ್ರೋಮೀಟರನ್ನು ಮತ್ತೆ ಡಬ್ಬಿಗೆ ಹಾಕಿದಳು.

ಮೂವತ್ತೊಂದು ವರ್ಷ ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇತ್ ತಿರುಗಿಸಿದ ಬೆರಳುಗಳು ಅವು. ಇಂಜಿನಿಯರುಗಳು ಗೇಜು ತರುವಷ್ಟರಲ್ಲಿ ಮರಿಯಪ್ಪನವರು ಉಗುರಲ್ಲಿ ಗೀರಿ, "ಎರಡು ಥೌ ಜಾಸ್ತಿ ಇದೆ ಸಾರ್" ಅಂದುಬಿಡುತ್ತಿದ್ದರಂತೆ. ವಾರದ ಆರು ದಿನ ಕಬ್ಬಿಣದ ಸದ್ದು, ಏಳನೇ ದಿನ ಕೆರೆ. ಕೆಂಗೇರಿ ದಾಟಿ ರಾಮೋಹಳ್ಳಿ ಕಡೆಗೆ ಹೋದರೆ ಒಳಗೊಂದು ಕೆರೆಯಿತ್ತು. ಎರಡು ಬಸ್ಸು ಬದಲಾಯಿಸಿ, ಒಂದು ಮೈಲಿ ನಡೆದು ಅಲ್ಲಿಗೆ ಹೋಗುತ್ತಿದ್ದರು. ಬೇರೆಯವರು ಜಿಲೇಬಿ ಮೀನನ್ನು ಚೀಲಗಟ್ಟಲೆ ಹಿಡಿದು ಹೋಗುತ್ತಿದ್ದರೆ ಇವರಿಗೆ ಕೊರವವೇ ಆಗಬೇಕು. ಕೊರವ ಜೊಂಡಿನ ನೆರಳಲ್ಲಿ ಗಂಟೆಗಟ್ಟಲೆ ಮಿಸುಕಾಡದೆ ಮಲಗಿದ್ದು, ಮನಸ್ಸು ಬಂದಾಗ ಮಾತ್ರ ಬಾಯಿ ಹಾಕುವ ಜಂಬದ ಮೀನು. ಹಾಗಾಗಿ ಬರಿಗೈಲಿ ಬಂದ ಭಾನುವಾರಗಳೇ ಹೆಚ್ಚು. ಹೆಂಡತಿ ಚಿಕ್ಕಗಂಗಮ್ಮ ಮೊದಮೊದಲು ಮಸಾಲೆ ಅರೆದಿಟ್ಟುಕೊಂಡು ಕಾಯುತ್ತಿದ್ದರು. ಆಮೇಲೆ ಬುದ್ಧಿ ಕಲಿತು ಬೇಳೆಸಾರು ಮಾಡಿಡುತ್ತಿದ್ದರು. ಮರಿಯಪ್ಪನವರಿಗೆ ಅದರಿಂದ ಬೇಜಾರೇನೂ ಆಗುತ್ತಿರಲಿಲ್ಲ. ಕಾಯುವುದೇ ಅವರ ಸುಖ. ನನ್ನನ್ನು ಕೇಳಿದರೆ, ಕೈಗೇನೂ ಸಿಗದ ದಿನವನ್ನು ಅಷ್ಟು ಸಂತೋಷವಾಗಿ ಕಳೆಯಬಲ್ಲವರು ನಮ್ಮ ಊರಲ್ಲಿ ಬೆರಳೆಣಿಕೆಯಷ್ಟೂ ಇಲ್ಲ.

ರಿಟೈರಾದ ಎರಡನೇ ವರ್ಷ ಗ್ಲಾಕೋಮಾ ಬಂತು. ನೋಟ ಅಂಚಿನಿಂದ ಕಿರಿದಾಗುತ್ತ ಬಂದು, ಈಗ ಪೈಪಿನೊಳಗಿಂದ ನೋಡಿದಷ್ಟು ಮಾತ್ರ, ಅದೂ ಮಂಜು ಮಂಜು. ನೀರಿನ ಮೇಲಿನ ಬೆಂಡು ಕಾಣದಾದಾಗ ಅವರು ಬೆಂಡು ಕಟ್ಟುವುದನ್ನೇ ಬಿಟ್ಟರು. ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿಕೊಂಡು ಮೀನನ್ನು ಬೆರಳಲ್ಲೇ ಕೇಳತೊಡಗಿದರು. ಬಸ್ಸಿನ ನಂಬರನ್ನು ಪಕ್ಕದವರ ಹತ್ತಿರ ಕೇಳುತ್ತಿದ್ದರು. ಮನೆಯವರಿಗೆ ಇದೆಲ್ಲ ಗೊತ್ತಾಗಿದ್ದು, ಆ ಅಕ್ಟೋಬರಿನಲ್ಲಿ ಅವರು ಸೊಂಟದವರೆಗೆ ಕೆಸರು ಮೆತ್ತಿಕೊಂಡು ಮನೆಗೆ ಬಂದಾಗ. ಅಂದು ಚಿಕ್ಕಗಂಗಮ್ಮ ಅನ್ನ ಮುಟ್ಟಲಿಲ್ಲ. "ಇನ್ನು ಕೆರೆ ಕಡೆ ಹೋದ್ರೆ ನನ್ನಾಣೆ" ಎಂದುಬಿಟ್ಟರು. ಮರಿಯಪ್ಪನವರು ಮೂರು ವಾರ ಮನೆಯಲ್ಲೇ ಕೂತರು. ಜಗಳವಾಡಲಿಲ್ಲ, ಗೊಣಗಲಿಲ್ಲ, ಸುಮ್ಮನೆ ಕೂತರು. ಆ ಸುಮ್ಮನಿರುವಿಕೆಯನ್ನು ಉಮಾಶ್ರೀಗೆ ನೋಡಲಾಗಲಿಲ್ಲ.

ಕೊನೆಗೆ ಒಂದು ಒಪ್ಪಂದ ಮಾಡಿದವಳು ಅವಳೇ. "ಈ ಭಾನುವಾರ ನಾನು ಜೊತೇಲಿ ಬರ್ತೀನಿ ಅಪ್ಪ. ನೀವು ಎಲ್ಲಾ ಒಬ್ರೇ ಮಾಡ್ಬೇಕು. ನಾನು ಮುಟ್ಟಲ್ಲ, ಹಿಡ್ಕೊಳ್ಳಲ್ಲ. ಸಂಜೆವರೆಗೂ ಏನೂ ಆಗ್ಲಿಲ್ಲ ಅಂದ್ರೆ ಅಮ್ಮನ್ನ ನಾನು ಒಪ್ಪಿಸ್ತೀನಿ. ಬಿದ್ರೆ ಮಾತ್ರ ಅಲ್ಲಿಗೇ ಮುಗೀತು. ಕೋಲು, ರೀಲು ಎಲ್ಲಾ ಕೊಟ್ಟುಬಿಡೋದು." ಯಾರಿಗೆ ಕೊಡುವುದೆಂಬುದೂ ತೀರ್ಮಾನವಾಗಿತ್ತು. ಹಿಂದಿನ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದ, ಹಾವೇರಿ ಕಡೆಯ ಕೊಟ್ರಪ್ಪನಿಗೆ. "ನನಗ ಮೀನ ಹಿಡಿಯೋದು ಬರಂಗಿಲ್ರೀ, ಆದ್ರ ಕೋಲು ಭಾಳ ಚಲೋ ಐತಿ" ಎಂದು ಅವನು ಆಗಲೇ ಒಪ್ಪಿಕೊಂಡಿದ್ದ.

ನಿಜ ಹೇಳಬೇಕೆಂದರೆ, ಉಮಾಶ್ರೀ ಮನಸ್ಸಿನಲ್ಲಿ ತೀರ್ಪು ಬರೆದುಕೊಂಡೇ ಹೊರಟಿದ್ದಳು. ಅಪ್ಪ ಎಲ್ಲೋ ಒಂದು ಕಡೆ ಎಡವುತ್ತಾರೆ, ತಾವೇ ಸೋಲು ಒಪ್ಪುತ್ತಾರೆ, ಯಾರೂ ಕೆಟ್ಟವರಾಗದೆ ಈ ಕೆರೆ ಹುಚ್ಚು ಮುಗಿಯುತ್ತದೆ ಎಂಬುದು ಅವಳ ಲೆಕ್ಕ.

ಸ್ಕೂಟಿಯಲ್ಲಿ ಇಬ್ಬರೂ ಕೆರೆ ಮುಟ್ಟಿದಾಗ ಎಂಟು ಗಂಟೆ. ಏರಿಯ ಕೊನೆಯಲ್ಲಿ ಒಂದು ಹೊಂಗೆಮರ, ಅದರ ಮುಂದೆ ಸಣ್ಣ ಇಳಿಜಾರು, ಆಮೇಲೆ ನೀರು. ಮರಿಯಪ್ಪನವರು ಮರದ ಕೆಳಗೆ ಕೂತು ಅಲ್ಯೂಮಿನಿಯಂ ಟಿಫನ್ ಡಬ್ಬಿ ಬಿಚ್ಚಿದರು. ಅದರಲ್ಲಿ ತಿಂಡಿಯಿಲ್ಲ, ಗಾಳದ ಸರಂಜಾಮು. ಹೊಳೆದು ಮೀನನ್ನು ಸೆಳೆಯಲೆಂದು ಬಗ್ಗಿಸಿ ತೂತು ಹೊಡೆದ ಸ್ಟೀಲ್ ಚಮಚ, ಸೀಸದ ಗುಂಡುಗಳು, ಥರ್ಮೊಕೋಲಿಗೆ ಚುಚ್ಚಿಟ್ಟ ಕೊಕ್ಕೆಗಳು, ಮತ್ತು ಎರೆಹುಳುವಿನ ಬದಲು ಮೀನಿಗೆ ಒಡ್ಡಲೆಂದು ಅವರೇ ಲೇತಿನ ಮೇಲೆ ಕಡೆದ ಮೂರು ಮರದ ಕಪ್ಪೆಗಳು. ಅವರು ಬೆರಳು ಒದ್ದೆ ಮಾಡಿ ಗಾಳಿಗೆ ಹಿಡಿದರು. ಚಮಚ ಬೇಡ, ಜೊಂಡಿಗೆ ಸಿಕ್ಕಿಕೊಳ್ಳುತ್ತದೆ. ಸೀಸವೂ ಬೇಡ. ಬಿಸಿಲೇರಿದ ಮೇಲೆ ಕೊರವ ಎಲೆಯಡಿ ಸೇರುತ್ತದೆ, ತೇಲುವ ಕಪ್ಪೆಯೇ ಬೇಕು. ಮೂರು ಕಪ್ಪೆಗಳನ್ನೂ ಅಂಗೈಯಲ್ಲಿ ತೂಗಿ ಹಗುರವಾದುದನ್ನು ಆರಿಸಿಕೊಂಡರು. ಕೊಕ್ಕೆಯ ಮೊನೆ ಮೇಲ್ಮುಖವಾಗಿ ಕಪ್ಪೆಯ ಬೆನ್ನಿಗೆ ಒತ್ತಿಕೊಂಡಿರುವಂತೆ ಕಟ್ಟಿದರು. ಗಂಟು ಬಿಗಿಯುವ ಮುಂಚೆ ದಾರವನ್ನು ಎಂಜಲಿಂದ ಒದ್ದೆ ಮಾಡಿದರು.

"ಅದ್ಯಾಕಪ್ಪ?"

"ಒಣ ದಾರ ಎಳೆದ್ರೆ ಬಿಸಿ ಆಗುತ್ತೆ ಕಣಮ್ಮ. ಬಿಸಿ ಆದ ಗಂಟು ಮೋಸ ಮಾಡುತ್ತೆ."

ಕೋಲು ಹಿಡಿದು ಎದ್ದರು. ಉಮಾಶ್ರೀಯೂ ಎದ್ದು ಎರಡು ಹೆಜ್ಜೆ ಹಿಂದೆಯೇ ಹೊರಟಳು. ಅವರು ಇಳಿಜಾರಿನಲ್ಲಿ ಕಾಲೆಳೆಯುತ್ತ ನಡೆದು, ನೀರಿಗೆ ಸರಿಯಾಗಿ ಒಂದು ಮಾರು ಇರುವಾಗ ನಿಂತರು. ಕಪ್ಪೆಯನ್ನು ಬೀಸಿದರು. ಅದು ಜೊಂಡಿನ ಅಂಚಿಗೇ ಹೋಗಿ ಟಪ್ಪೆಂದು ಬಿತ್ತು. ಸದ್ದಿನಲ್ಲೇ ಅದು ಎಲ್ಲಿ ಬಿತ್ತೆಂದು ತಿಳಿದು ಅವರು ತಲೆಯಾಡಿಸಿದರು. ಹೀಗೆ ಎಡಕ್ಕೆ ನಾಲ್ಕು ಹೆಜ್ಜೆ, ಬಲಕ್ಕೆ ಆರು ಹೆಜ್ಜೆ, ಬೀಸುವುದು, ಮೆಲ್ಲಗೆ ಸುತ್ತಿಕೊಳ್ಳುವುದು, ಮತ್ತೆ ಬೀಸುವುದು. ಒಂದು ಸಲವೂ ನೀರಿನಂಚು ಅವರಿಗೆ ಮೋಸ ಮಾಡಲಿಲ್ಲ. ಕಾಣದ ಮನುಷ್ಯ ಅಷ್ಟು ಕರಾರುವಾಕ್ಕಾಗಿ ಹೇಗೆ ನಿಲ್ಲುತ್ತಾರೆಂದು ಉಮಾಶ್ರೀಗೆ ಬಗೆಹರಿಯಲಿಲ್ಲ. ಹತ್ತಾಯಿತು, ಹನ್ನೊಂದಾಯಿತು. ಒಂದು ಮೀನೂ ಇಲ್ಲ. ಅವಳಿಗೆ ಮಾತ್ರ ಬೇಜಾರು ಬರಲಿಲ್ಲ. ಹುಟ್ಟಿದಾಗಿನಿಂದ ಅಪ್ಪನನ್ನು ನೋಡಿದ್ದರೂ ಈ ಅಪ್ಪನನ್ನು ನೋಡಿಯೇ ಇರಲಿಲ್ಲ ಎನಿಸಿತು. ಬರೆದುಕೊಂಡು ಬಂದಿದ್ದ ತೀರ್ಪು ಮನಸ್ಸಿನಲ್ಲೇ ಅಳಿಯತೊಡಗಿತು. ಹೇಗಾದರೂ ಮಾಡಿ ಇವರು ಗೆಲ್ಲಲಿ ಎಂದು ಆಸೆಯಾಯಿತು.

ಯಡವಟ್ಟಾಗಿದ್ದು ಆ ಆಸೆಯಿಂದಲೇ.

ಮಧ್ಯಾಹ್ನ ಇಬ್ಬರೂ ಚಿತ್ರಾನ್ನ ತಿಂದರು. ಮರಿಯಪ್ಪನವರು ಮುಖದ ಮೇಲೆ ಟವೆಲ್ ಹಾಕಿಕೊಂಡು ಹೊಂಗೆಯಡಿ ಅಡ್ಡಾದರು. ಉಮಾಶ್ರೀ ದಡದಲ್ಲಿ ಅಡ್ಡಾಡುವಾಗ ಅವರು ಓಡಾಡುವ ದಾರಿಯಲ್ಲೇ ಕಲ್ಲುಗಳು ಕಣ್ಣಿಗೆ ಬಿದ್ದವು. ಚಪ್ಪಟೆ ಕಲ್ಲುಗಳು, ಅರ್ಧ ಮಣ್ಣಿನಲ್ಲಿ ಹೂತಿದ್ದವು, ಒಟ್ಟು ಏಳು. ಅಯ್ಯೋ, ಇವುಗಳನ್ನು ಎಡವಿ ಬಿದ್ದರೆ! ಮುಟ್ಟಲ್ಲ ಎಂದು ಮಾತು ಕೊಟ್ಟಿದ್ದೇನೋ ನಿಜ, ಆದರೆ ಅದು ಅಪ್ಪನನ್ನು, ಕಲ್ಲುಗಳನ್ನಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಏಳನ್ನೂ ಕಿತ್ತು, ಸದ್ದಾಗದಂತೆ ಹೊತ್ತೊಯ್ದು ಏರಿಯ ಬುಡದಲ್ಲಿ ಹಾಕಿದಳು. ಗುಳಿಗಳಿಗೆ ಮಣ್ಣು ಎಳೆದು ಸಮ ಮಾಡಿದಳು. ಅಪ್ಪನಿಗೆ ಗೊತ್ತಾಗದಂತೆ ಒಂದು ಉಪಕಾರ ಮಾಡಿದ ಖುಷಿಯಲ್ಲಿ ಬಂದು ಕೂತಳು.

ಮೂರು ಗಂಟೆಗೆ ಅವರು ಮತ್ತೆ ಎದ್ದರು. ಮೊದಲ ಬೀಸನ್ನು ಮರದ ಬುಡದಿಂದಲೇ ಹಾಕಿದರು. ಕಪ್ಪೆ ನೀರಿಗೆ ಬಿದ್ದು ಎರಡು ಕ್ಷಣವಾಗಿರಬೇಕು, ಜೊಂಡಿನೊಳಗಿಂದ ಬುಳಕ್ಕೆಂಬ ಸದ್ದು. ಮರಿಯಪ್ಪನವರು ಗಡಬಡಿಸಲಿಲ್ಲ. ಮೀನು ಬಾಯಿ ಮುಚ್ಚಲೆಂದು ತುಟಿಯಲ್ಲೇ ಒಂದು, ಎರಡು ಎಣಿಸಿ, ಕೋಲೆತ್ತಿ ಎಳೆದರು. ಕೋಲು ಬಿಲ್ಲಾಗಿ ಬಾಗಿತು. "ದೊಡ್ಡದು ಉಮಾ! ಮೂರು ಕೆಜಿಗೆ ಕಮ್ಮಿ ಇಲ್ಲ!" ಅರವತ್ತೆರಡು ವರ್ಷದ ಅಪ್ಪ ಹುಡುಗನ ಹಾಗೆ ಕೂಗಿದ್ದನ್ನು ಅವಳು ಅಂದೇ ಕೇಳಿದ್ದು. ಮೀನು ಎಡಕ್ಕೆ ನುಗ್ಗಿತು. ಅವರು ದಾರ ಬಿಡುತ್ತ, ಸುತ್ತುತ್ತ, ಇಳಿಜಾರಿನಲ್ಲಿ ಕಾಲೆಳೆಯುತ್ತ ಇಳಿದರು. ನಿಲ್ಲುವ ಜಾಗದಲ್ಲಿ ನಿಲ್ಲಲಿಲ್ಲ. ಎಡಗಾಲು ನೆಲದ ಮೇಲೆ ಏನನ್ನೋ ಹುಡುಕುವಂತೆ ಆಡಿತು, ಇನ್ನೊಂದು ಹೆಜ್ಜೆ ಮುಂದೆ ಹೋಯಿತು, ಮತ್ತೆ ಹುಡುಕಿತು.

"ಅಪ್ಪಾ!"

ಅವರು ಎದೆಮಟ್ಟದ ನೀರಿಗೆ ಹೋಗಿ ಬಿದ್ದರು. ಉಮಾಶ್ರೀ ಚೂಡಿದಾರದಲ್ಲೇ ಇಳಿದು, ತೋಳು ಹಿಡಿದು ದಡಕ್ಕೆಳೆದಳು. ಕೋಲು ಅವರ ಕೈಯಲ್ಲೇ ಇತ್ತು. ದಾರ ಸಡಿಲವಾಗಿತ್ತು, ಮೀನು ಹೋಗಿತ್ತು.

ಮರಿಯಪ್ಪನವರು ಕೆಮ್ಮಿದರು, ಮುಖ ಒರೆಸಿಕೊಂಡರು. ಆಮೇಲೆ ಕೋಲನ್ನು ಮಗಳ ತೊಡೆಯ ಮೇಲಿಟ್ಟರು.

"ತಗೋಮ್ಮ. ಕೊಟ್ರಪ್ಪಂಗೆ ಕೊಟ್ಬಿಡು. ನೀವಿಬ್ರು ಹೇಳಿದ್ದೇ ಸರಿ."

"ಅಪ್ಪ..."

"ಹೋದ ತಿಂಗಳು ಬಿದ್ನಲ್ಲ, ಮಾರನೇ ದಿನಾನೇ ನಿಮ್ಮಮ್ಮನ ಆಣೆ ಮೀರಿ, ಯಾರಿಗೂ ಹೇಳ್ದೆ ಒಂದೇ ಒಂದು ಸಲ ಇಲ್ಲಿಗೆ ಬಂದಿದ್ದೆ. ನೀರಿಗೆ ಒಂದು ಮಾರು ದೂರದಲ್ಲಿ ಸಾಲಾಗಿ ಕಲ್ಲು ಹೂತೆ. ಕಾಲಿಗೆ ಕಲ್ಲು ತಾಗಿದ್ರೆ ನಿಲ್ಲೋದು ಅಂತ. ಬೆಳಿಗ್ಗೆ ಎಲ್ಲಾ ಸರಿಯಾಗಿ ತಾಗ್ತು. ಈಗ ನೋಡು, ಅಲ್ಲೇ ಇರೋ ಕಲ್ಲು ಕಾಲಿಗೆ ಗೊತ್ತಾಗ್ಲಿಲ್ಲ." ಅವರು ಪಾದದ ಕೆಸರು ಒರೆಸಿಕೊಂಡರು. "ಕಣ್ಣು ಹೋದ್ರೆ ಹೋಗ್ಲಿ ಅಂದ್ಕೊಂಡಿದ್ದೆ. ಕೈಕಾಲು ಸುಳ್ಳು ಹೇಳಲ್ಲ ಅಂತ ಧೈರ್ಯ ಇತ್ತು. ಈಗ ಅದೂ ಹೋಯ್ತು ಕಣಮ್ಮ."

ಉಮಾಶ್ರೀ ತಿರುಗಿ ನೋಡಿದಳು. ಏರಿಯ ಬುಡದ ಕಲ್ಲುಗುಡ್ಡೆ ಅವಳ ಕಣ್ಣೆದುರಿಗೇ ಇತ್ತು, ಅಪ್ಪನಿಗೆ ಕಾಣುತ್ತಿರಲಿಲ್ಲ. ಸುಮ್ಮನಿದ್ದರೆ ಮುಗಿಯಿತು. ಅಮ್ಮ ನೆಮ್ಮದಿಯಾಗಿ ಊಟ ಮಾಡುತ್ತಾರೆ, ಅಪ್ಪ ಮನೆಯಲ್ಲಿ ಕ್ಷೇಮವಾಗಿರುತ್ತಾರೆ. ತಾನು ಬಯಸಿ ಬಂದಿದ್ದೂ ಅದನ್ನೇ. ಬಾಯಿಬಿಟ್ಟು ಒಂದು ಸುಳ್ಳನ್ನೂ ಹೇಳಬೇಕಾಗಿರಲಿಲ್ಲ. ಆದರೆ ತುಟಿಯಿಂದ ದಾರ ಅಳೆಯುವ ಈ ಮನುಷ್ಯ, ಇನ್ನು ಬದುಕಿರುವಷ್ಟು ದಿನವೂ ತನ್ನ ಮೈಯನ್ನೇ ನಂಬದೆ ಕುರ್ಚಿಯಲ್ಲಿ ಕೂತಿರುತ್ತಾರೆ.

"ಅಪ್ಪ, ಕಲ್ಲು ಅಲ್ಲಿ ಇರ್ಲಿಲ್ಲ. ನೀವು ಮಲಗಿದ್ದಾಗ ನಾನು ಕಿತ್ತು ಆಚೆ ಹಾಕ್ದೆ. ಎಡವ್ತೀರಾ ಅಂತ."

ಮರಿಯಪ್ಪನವರ ಮುಖ ಕೆಂಪಾಯಿತು. ಜನ್ಮದಲ್ಲಿ ಮಗಳ ಮೇಲೆ ಕೈಯೆತ್ತದ ಅವರು ಅಂದು ನೆಲಕ್ಕೆ ಗುದ್ದಿದರು. "ಯಾಕೆ ಮುಟ್ದೆ? ಮುಟ್ಟಲ್ಲ ಅಂದಿದ್ಯಲ್ಲ! ಮೂರು ಕೆಜಿ ಮೀನು ಕಣೇ ಅದು!"

ಮುಂದೆ ಏನೋ ಹೇಳಹೊರಟವರು ತಟ್ಟನೆ ನಿಂತರು. ಎಡಗಾಲನ್ನು ಮುಂದೆ ಚಾಚಿ, ಬರಿಪಾದದಿಂದ ಮಣ್ಣನ್ನು ಸವರಿದರು. ಮತ್ತೆ ಸವರಿದರು.

"ಅಂದ್ರೆ ಕಾಲು ಸರಿಯಾಗೇ ಹೇಳ್ತು" ಎಂದರು. ದನಿ ಇಳಿದಿತ್ತು. "ಕಲ್ಲಿಲ್ಲ, ಕಲ್ಲಿಲ್ಲ ಅಂತ ಹೇಳ್ತಾನೇ ಇತ್ತು. ನಾನೇ ಕೇಳಿಸ್ಕೊಳ್ಳಲಿಲ್ಲ." ಕಾಲನ್ನು ಹಿಂದಕ್ಕೆಳೆದುಕೊಂಡು, "ಕಲ್ಲಿನ ವಿಷಯ ನಿಂಗೆ ಮೊದಲೇ ಹೇಳ್ಬೇಕಿತ್ತು. ಹೇಳಕ್ಕೆ ನಾಚಿಕೆ ಆಯ್ತು" ಎಂದರು.

ಉಮಾಶ್ರೀ ಏಳೂ ಕಲ್ಲುಗಳನ್ನು ಒಂದೊಂದಾಗಿ ಹೊತ್ತು ತಂದಳು. ಎಲ್ಲಿ ಹೂಳಬೇಕೆಂದು ಅವರೇ ಹೆಜ್ಜೆ ಅಳೆದು ತೋರಿಸಿದರು. ನಾಲ್ಕನೆಯದು ಎರಡು ಬೆರಳು ಹಿಂದಾಯಿತೆಂದು ಕೀಳಿಸಿ ಮತ್ತೆ ಹಾಕಿಸಿದರು. ಆಮೇಲೆ ಮರದ ಬುಡಕ್ಕೆ ಹೋಗಿ, ಕೋಲು ಹಿಡಿದು ನೀರಿನ ಕಡೆಗೆ ನಡೆದುಬಂದರು. ಉಮಾಶ್ರೀ ತನ್ನ ಕೈಗಳು ತಾವಾಗಿಯೇ ಮುಂದೆ ಹೋಗಬಾರದೆಂದು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಅವರ ಕಾಲಿನ ಹೆಬ್ಬೆರಳು ಕಲ್ಲಿಗೆ ತಾಗಿತು. ನಿಂತರು.

ಅಷ್ಟರಲ್ಲಿ ಮೊಬೈಲ್ ಬಡಿದುಕೊಂಡಿತು. ಚಿಕ್ಕಗಂಗಮ್ಮ. "ಏನೇ ಆಯ್ತು? ನಿಮ್ಮಪ್ಪ ಬಿದ್ರಾ?"

"ಬಿದ್ರು ಅಮ್ಮ" ಎಂದಳು ಉಮಾಶ್ರೀ. "ಬೀಳಿಸಿದ್ದು ನಾನು. ಕೋಲು ಕೊಟ್ರಪ್ಪಂಗಲ್ಲ, ನಮ್ಮನೇಗೇ ಬರುತ್ತೆ."