ಕೊಸರಿಗೆ ಬಂದ ಹಲ್ಲಿ

ಮೂರು ವಾರ ನಮ್ಮ ಮನೆಯ ಹಲ್ಲಿ ಅತ್ತೆಯ ಪಾರ್ಟಿಯಲ್ಲಿತ್ತು.

"ಫ್ಯಾನಿನ ಬುಡಕ ನನ್ನ ಮಂಚ ಇರಬೇಕಿತ್ತು" ಅನ್ನುವರು ಅತ್ತೆ.

ಟಕ್!

"ಕೇಳಿದೇನವಾ? ಹಲ್ಲಿ ಸುದ್ದ ಖರೇ ಅಂತು!" ಎಂದು ನೆಲಕ್ಕೆ ಬೆರಳು ಕುಟ್ಟಿ ಶಿವ ಶಿವ ಅನ್ನುವರು. ಹಲ್ಲಿಯ ಜೊತೆ ವಾದ ಮಾಡಲಾದೀತೆ?

ಜಗಳದ ಮೂಲ ನನ್ನ ಉಪ್ಪುನೀರಿನ ಅಕ್ವೇರಿಯಂ. ಸಿಂಧನೂರಿನಲ್ಲಿ ನನ್ನದು ಪಾತ್ರೆ ಅಂಗಡಿ. ಮಾಲು ತರಲು ಹೈದರಾಬಾದಿಗೆ ಹೋದವಳು ಕಿತ್ತಳೆ ಬಣ್ಣದ ಎರಡು ಮೀನಿಗೆ ಮನಸೋತೆ. ತೊಟ್ಟಿ, ಮೀನು, ಪಾಚಿ ತಿನ್ನಲು ನಾಲ್ಕು ಬಸವನಹುಳು, ಎಲ್ಲಕ್ಕೂ ಸೇರಿಸಿ ಒಂದು ತಾಸು ಚೌಕಾಸಿ ಮಾಡಿದೆ. ಅಂಗಡಿಯವನು ಕೈಮುಗಿದ. ಅಷ್ಟಕ್ಕೇ ಬಿಟ್ಟೆನೆ? ಕೊಸರು ಕೇಳಿದೆ. ತೂತು ತೂತಿನ ಒಂದು ಸಮುದ್ರದ ಕಲ್ಲು ಕೊಟ್ಟ. (ಕೊಸರು ಕೇಳದೆ ಯಾವ ಅಂಗಡಿಯ ಮೆಟ್ಟಿಲೂ ಇಳಿಯಬೇಡಿ. ಆದರೆ ಕೊಟ್ಟದ್ದನ್ನು ತಿರುಗಿಸಿ ನೋಡಿ.)

ಪ್ಲಗ್ ಇದ್ದದ್ದು ಫ್ಯಾನಿನ ಕೆಳಗಿನ ಮೂಲೆಯಲ್ಲಿ. ತೊಟ್ಟಿ ಅಲ್ಲಿ ಕೂತಿತು. ಅತ್ತೆಯ ಮಂಚ ಬಾಗಿಲ ಹಿಂದಕ್ಕೆ ಹೋಯಿತು. ನಮ್ಮ ಕಡೆಯ ಬಿಸಿಲಿನಲ್ಲಿ ಇದು ಸಣ್ಣ ಅಪರಾಧವಲ್ಲ, ಒಪ್ಪುತ್ತೇನೆ.

ಅಷ್ಟರಲ್ಲಿ ನಾಲ್ಕು ಬಸವನಹುಳು ಮೂರಾದವು, ಎರಡಾದವು. ಕಲ್ಲಿನ ಮುಂದೆ ಒಡೆದ ಚಿಪ್ಪು.

"ಬಸವನ ಹೆಸರಿಂದು ಹುಳಾ ಸಾಯಾಕತ್ತಾವು. ಈ ತೊಟ್ಟಿ ಮನಿಗೆ ಆಗಿ ಬರಂಗಿಲ್ಲ" ಅಂದರು ಅತ್ತೆ.

ಟಕ್!

ರೇಗಿತು. ಕಸಬರಿಗೆ ಹಿಡಿದು ದೇವರ ಫೋಟೊ, ಟ್ಯೂಬ್‌ಲೈಟು, ಕ್ಯಾಲೆಂಡರು, ಎಲ್ಲದರ ಹಿಂದೆ ತಡಕಿದೆ. ಹಲ್ಲಿಯ ಬಾಲವೂ ಇಲ್ಲ. ಮತ್ತೆ ಟಕ್! ಈ ಸಲ ತೊಟ್ಟಿಯ ಗಾಜಿಗೆ ಕಿವಿ ಕೊಟ್ಟೆ. ಸದ್ದು ನೀರಿನೊಳಗಿಂದ!

ಮಸ್ಕಿಯಲ್ಲಿ ಬಣ್ಣದ ಮೀನು ಮಾರುವ ಮಹಿಬೂಬನನ್ನು ಕರೆಸಿದೆ. ಕಲ್ಲಿನ ತೂತಿಗೆ ಟಾರ್ಚ್ ಬಿಟ್ಟವನೇ ನಕ್ಕ.

"ಅಕ್ಕಾ, ಹಲ್ಲಿ ಅಲ್ರೀ ಇದು, ಗೂಂಡಾ! ಮ್ಯಾಂಟಿಸ್ ಶ್ರಿಂಪ್, ಚಿಪ್ಪು ಗುದ್ದಿ ಒಡೆಯೋ ಸಿಗಡಿ ಜಾತಿ. ಕಲ್ಲಿನಾಗ ಕುಂತು ಬಿಟ್ಟಿ ಬಂದಾನ."

"ಬರೇ ಸಿಗಡಿ ಇರಬಹುದಲ್ಲೋ?"

"ಟಕ್ ಅನ್ನೋದು ಇನ್ನೊಂದು ಸಿಗಡಿನೂ ಐತ್ರಿ. ಅದಕ್ಕ ಏಡಿಗತೆ ಎರಡು ಕೊಂಡಿ, ಒಂದು ಮಾತ್ರ ದಪ್ಪ. ಇವನ ಕಣ್ಣು ನೋಡ್ರಿ."

ನೋಡಿದೆ. ಕಡ್ಡಿಯ ತುದಿಗೆ ಸಿಕ್ಕಿಸಿದಂಥ ಎರಡು ಕಣ್ಣು. ಒಂದು ನನ್ನನ್ನು ನೋಡುತ್ತಿತ್ತು, ಇನ್ನೊಂದು ಮಹಿಬೂಬನನ್ನು. ಎದೆಯ ಮುಂದೆ ಮಡಚಿದ ಎರಡು ಮುಂಗೈ, ಗುದ್ದಲು ರೆಡಿ. ಕಣ್ಣು, ಮುಂಗೈ, ತೂತಿನ ಬಾಯಲ್ಲಿ ಒಡೆದ ಚಿಪ್ಪು: ಇಷ್ಟಿದ್ದರೆ ಅನುಮಾನ ಬೇಡ, ನಿಮ್ಮ ಮನೆಗೂ ಗೂಂಡಾ ಬಂದಿದ್ದಾನೆ.

ಮಹಿಬೂಬ ಕಲ್ಲನ್ನು ಬಕೆಟ್ಟಿನ ಮೇಲೆ ಎತ್ತಿ ಹಿಡಿದು ತೂತಿಗೆ ಗೋಲಿಸೋಡಾ ಚಿಮ್ಮಿಸಿದ. ಗ್ಯಾಸಿಗೆ ಉಸಿರುಗಟ್ಟಿ ಗೂಂಡಾ ಬಕೆಟ್ಟಿನ ಉಪ್ಪುನೀರಿಗೆ ಬಿದ್ದ. ಬೆರಳುದ್ದವೂ ಇರಲಿಲ್ಲ! "ಗಾಜಿನಾಗ ಬ್ಯಾಡ್ರೀ, ಗುದ್ದಿ ಒಡದಾನು" ಎಂದು ಪ್ಲಾಸ್ಟಿಕ್ ಟಬ್ಬಿಗೆ ಹಾಕಿದ.

"ಲಿಂಗಸುಗೂರಾಗ ಒಬ್ಬ ಗಿರಾಕಿ ಅದಾನ. ಒಯ್ಯಲೇನ್ರೀ?"

ನಾನು ರೇಟು ಹೇಳಲು ಬಾಯಿ ತೆರೆದೆ. ಅತ್ತೆ ಎದ್ದು ಬಂದರು.

"ಯಾಕ ಒಯ್ತಿ? ಖರೇ ಹೇಳೋದನ್ನ ಯಾರರ ಮನಿ ಬಿಡಿಸ್ತಾರೇನು?"

"ಅತ್ತಿ, ಅದು ಹಲ್ಲಿ ಅಲ್ರೀ!"

"ಯಾವುದರ ಇರ್ಲಿ, ನನ್ನ ಮಾತು ಕೇಳಿದ್ದು ಅದೊಂದೇ. ನೋಡವಾ, ದೊಡ್ಡ ತೊಟ್ಟಿ ನಿನ್ನ ಅಂಗಡಿಗೆ ಒಯ್ಯಿ. ನನ್ನ ಮಂಚ ಫ್ಯಾನಿನ ಬುಡಕ ಬರ್ಲಿ. ಕೊಸರಿಗೆ ಇದನ್ನ ನನಗ ಬಿಡು."

ಟಬ್ಬಿನಿಂದ ಟಕ್!

ಈಗ ತೊಟ್ಟಿ ಅಂಗಡಿಯಲ್ಲಿದೆ. ಅತ್ತೆ ಫ್ಯಾನಿನ ಕೆಳಗಿದ್ದಾರೆ, ಪಕ್ಕದಲ್ಲಿ ಗೂಂಡಾ. (ಅದು ಏನು ತಿನ್ನುತ್ತದೆ ಎಂದು ಅವರು ಕೇಳಿಲ್ಲ. ನಾನೂ ಹೇಳಿಲ್ಲ.)

ಈಗ ನೀವೇ ಹೇಳಿ, ನಮ್ಮ ಅಂಗಡಿಯ ಗಲ್ಲಾದ ಮೇಲೆ ಕೂರಬೇಕಾದವರು ಯಾರು?